ಮನೆ ಎಳೆದವರ ಮುಯ್ಯಿ

ಕಿಲ್ಕಾವೊ ದ್ವೀಪ, ಚಿಲೋಯೆ
೪ ಮಾರ್ಚ್ ೧೯೯೪

ಮಗು ಎವರಿಸ್ತೊ,

ನಿನ್ನ ಚಿಕ್ಕಮ್ಮ ಉಬೆರ್ಲಿಂದಾ ಬರೆಯುತ್ತಿರುವುದು. ಕ್ರಿಸ್‌ಮಸ್‌ಗೆಂದು ನೀನು ಕಳಿಸಿದ ಕಾರ್ಡು ಫೆಬ್ರವರಿಯಲ್ಲಿ ಬಂತು. ಕುರಿಗಳು ಚೆನ್ನಾಗಿವೆ ಎಂದು ಬರೆದಿದ್ದೆ. ಕುರಿಗಳ ಕ್ಷೇಮ ತಿಳಿದು ಸಂತೋಷವಾಯಿತು. ಇನ್ನು ಮನುಷ್ಯರ ವಿಷಯಕ್ಕೆ ಬರುತ್ತೇನೆ.

ನಿನ್ನ ತಂಗಿ ಎದುವಿನಾಳ ಎರಡು ಮೂತ್ರಪಿಂಡಗಳೂ ಕೈಕೊಟ್ಟಿವೆ. ಚಿಕ್ಕವನು ಹುಟ್ಟಿದ ಮೇಲೆ ಅವಳ ಕಾಲು ಊದುತ್ತಿತ್ತು. ನಾವು ಅದನ್ನು ಬಾಣಂತಿ ನಂಜು ಎಂದುಕೊಂಡು ಮೂರು ವರ್ಷ ಕಷಾಯ ಕುಡಿಸಿದೆವು. ಕುಡಿಸಿದವಳು ನಾನೇ. ಈಗ ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಜೋಡಿಸಿ ಅವಳ ರಕ್ತ ತೊಳೆಯುತ್ತಾರೆ. ತೊಳೆಯದಿದ್ದರೆ ಹತ್ತು ದಿನವೂ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಅವಳಿಗೆ ಮೂವತ್ತೊಂದು ವರ್ಷ.

ಇಲ್ಲಿಂದ ಆಚೆ ದಡದ ರೆಲ್ಬೂನ್‌ಗೆ ಸಮುದ್ರ ಶಾಂತವಾಗಿದ್ದರೆ ದೋಣಿಯಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಹೋದ ದಿನವೇ ಹಿಂತಿರುಗಲು ದೋಣಿ ಸಿಗುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಾರನೆಯ ದಿನ ಬರುತ್ತಾಳೆ, ಬಟ್ಟೆ ಬದಲಿಸಿ ಮತ್ತೆ ಹೊರಡುತ್ತಾಳೆ. ಉತ್ತರದ ಗಾಳಿ ಎದ್ದರೆ ದೋಣಿಯೇ ಇಲ್ಲ. ಹೋದ ವಾರ ಹಾಗೆ ಒಂದು ಸರದಿ ತಪ್ಪಿತು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಮೂರು ವರ್ಷದ ದಾಗೊ ತನ್ನ ತಾಯಿಯನ್ನು ಗುರುತಿಸದೆ ನನ್ನ ಲಂಗ ಹಿಡಿದುಕೊಂಡು ಅತ್ತ. ಅವನ ಅಕ್ಕ, ಎಂಟು ವರ್ಷದ ಯಾಸ್ನಾ ಅಳುವುದಿಲ್ಲ, ಪಾತ್ರೆ ತೊಳೆಯುತ್ತಾಳೆ. ಅದನ್ನು ನೋಡಿದರೆ ನನಗೆ ಇನ್ನೂ ಸಂಕಟ.

ಪಟ್ಟಣದಲ್ಲಿ ಕೋಣೆ ಹಿಡಿಯಿರಿ ಎನ್ನುತ್ತಾರೆ ಬುದ್ಧಿವಂತರು. ದೋಣಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಅವಳ ಗಂಡ ಅರ್ಸೆನಿಯೊ ಆ ಕೋಣೆಯಲ್ಲಿ ಕುಳಿತು ಏನು ಹಿಡಿಯಬೇಕು, ನೊಣವೇ?

ಅದಕ್ಕೆ ನನಗೊಂದು ಯೋಚನೆ ಬಂದಿದೆ. ರೆಲ್ಬೂನ್‌ನಲ್ಲಿ ನನ್ನ ಅಕ್ಕ, ನಿನ್ನ ಅಮ್ಮ, ನಿನ್ನ ಹೆಸರಿಗೆ ಬಿಟ್ಟುಹೋದ ತುಂಡು ಜಾಗ ಇದೆಯಲ್ಲ. ದಡದ ಪಕ್ಕದಲ್ಲೇ, ಬಸ್ಸು ನಿಲ್ಲುವಲ್ಲಿಗೆ ನಾನ್ನೂರು ಹೆಜ್ಜೆ. ಮುಯ್ಯಿಗೆ ಮುಯ್ಯಿ ಎಂದು ಮಿಂಗಾ ಕರೆದು ಊರೆಲ್ಲ ಸೇರಿ ಎದುವಿನಾಳ ಮರದ ಮನೆಯನ್ನು ಅಲ್ಲಿಗೆ ಎಳೆದುಬಿಡೋಣ. ದಡದವರೆಗೆ ಎತ್ತುಗಳು, ಹುಣ್ಣಿಮೆಯ ಉಬ್ಬರದಲ್ಲಿ ಮನೆ ತೇಲಿದ ಮೇಲೆ ದೋಣಿಗಳು. ನಿನ್ನ ಅಜ್ಜನ ಮನೆಯನ್ನು ಹೀಗೆ ಎರಡು ಸಲ ಎಳೆದಿದ್ದರು, ಒಂದು ಹಲಗೆಯೂ ಸೀಳಿರಲಿಲ್ಲ. ನಮ್ಮ ಜೂನ್ ಚಳಿಗಾಲದ ಗಾಳಿ ಶುರುವಾಗುವ ಮೊದಲು, ಏಪ್ರಿಲ್ ೨೬ಕ್ಕೆ ಆಗಬೇಕು. ನೀನು ಹೂಂ ಎನ್ನುವುದೊಂದೇ ಬಾಕಿ. ಬೇಗ ಬರೆ. ನನಗೆ ದಣಿವಾಗಿದೆ, ಕಾಯುವ ಶಕ್ತಿ ಇಲ್ಲ.

ನಿನ್ನ ಚಿಕ್ಕಮ್ಮ,
ಉಬೆರ್ಲಿಂದಾ


ಲಾ ಕಲಾಂದ್ರಿಯಾ ಕುರಿ ಫಾರ್ಮು, ರಿಯೊ ಗಾಯೆಗೋಸ್ ಬಳಿ
೨೧ ಮಾರ್ಚ್ ೧೯೯೪

ಚಿಕ್ಕಮ್ಮನಿಗೆ ನಮಸ್ಕಾರಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎದುವಿನಾ ಎಂದರೆ ನನ್ನ ಕಣ್ಣ ಮುಂದೆ ಇನ್ನೂ ಇಪ್ಪತ್ತರ ಹುಡುಗಿ, ಆಲೂಗಡ್ಡೆ ಮೂಟೆಯನ್ನು ನನಗಿಂತ ಮೊದಲು ಹೊತ್ತು ಗುಡ್ಡ ಹತ್ತಿ, ಮೇಲೆ ನಿಂತು ನನ್ನನ್ನು ಅಣಕಿಸುತ್ತಿದ್ದವಳು. ಹನ್ನೊಂದು ವರ್ಷವಾಯಿತು ನಾನು ಆ ಊರು ಬಿಟ್ಟು. ಡಾಕ್ಟರುಗಳು ಸ್ವಲ್ಪ ಹೆಚ್ಚಿಸಿ ಹೇಳುವುದೂ ಉಂಟು. ಬೇರೆ ಡಾಕ್ಟರಿಗೆ ತೋರಿಸಿದ್ದೀರಾ? ಇಲ್ಲಿಯೂ ದೊಡ್ಡ ಆಸ್ಪತ್ರೆ ಇದೆ, ಕರೆದುಕೊಂಡು ಬಂದರೆ ಹೇಗೆ?

ಮನೆ ಎಳೆಯುವುದು ದೊಡ್ಡ ಕೆಲಸ ಚಿಕ್ಕಮ್ಮ. ಆ ಮನೆಯ ತೊಲೆಗಳು ಹಳೆಯವು, ನೀರಿನ ಮೇಲೆ ತಡೆದಾವೇ? ಅರ್ಸೆನಿಯೊ ಏನೆನ್ನುತ್ತಾನೆ? ಜಾಗದ ವಿಷಯ ನೋಡೋಣ. ಅವಸರ ಮಾಡಬೇಡ.

ಕುರಿಗಳನ್ನು ಚಳಿಗಾಲದ ಹುಲ್ಲಿಗೆ ಹೊಡೆಯುತ್ತಿದ್ದೇವೆ. ಬೆಳಗಿಂದ ಸಂಜೆವರೆಗೆ ಕುದುರೆ ಮೇಲೆ. ಯಾಸ್ನಾಳಿಗೂ ದಾಗೊಗೂ ಉಣ್ಣೆ ಕಾಲುಚೀಲ ಕಳಿಸಿದ್ದೇನೆ. ಅಳತೆ ಗೊತ್ತಿಲ್ಲ, ದೊಡ್ಡವನ್ನೇ ತೆಗೆದುಕೊಂಡೆ. ಎದುವಿನಾಳಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ಎವರಿಸ್ತೊ


ಕಿಲ್ಕಾವೊ
೬ ಏಪ್ರಿಲ್ ೧೯೯೪

ಮಗು ಎವರಿಸ್ತೊ,

"ನೋಡೋಣ" ಎಂದು ಬರೆದೆ. ಹನ್ನೊಂದು ವರ್ಷ ಹೊರಗಿದ್ದರೂ ದ್ವೀಪದ ಮಾತು ಮರೆತಿಲ್ಲ ನೀನು. ನಮ್ಮಲ್ಲಿ ನೋಡೋಣ ಎಂದರೆ ಹೂಂ ಎಂದೇ ಅರ್ಥ ತಾನೆ? ಅದಕ್ಕೇ ಕೆಲಸ ಶುರು ಮಾಡಿದ್ದೇನೆ.

ಈ ಹತ್ತು ದಿನದಲ್ಲಿ ಊರಿನ ಇಪ್ಪತ್ತೆಂಟು ಮನೆಗೂ ಹೋಗಿ ಬಂದೆ. ಕೇಳಬೇಕಾದವನು ಅರ್ಸೆನಿಯೊ. ಮನೆಯವರೇ ಹೋಗಿ, ಹೊಸ್ತಿಲ ಹೊರಗೆ ನಿಂತು, ಟೋಪಿ ಕೈಯಲ್ಲಿ ಹಿಡಿದು ಕೇಳುವುದು ರೂಢಿ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನು ಹರಿಯದ ಬಲೆಯನ್ನು ಹೊಲಿಯುತ್ತಾ ಕೂರುತ್ತಾನೆ, ಬಾಯಲ್ಲಿ ಕಡುಬು ತುಂಬಿದವನ ಹಾಗೆ. "ಹೋಗೋ ಮಹಾರಾಯ, ಕೇಳೋ" ಎಂದರೆ ಎದುವಿನಾಳ ಮುಖ ನೋಡುತ್ತಾನೆ. ಅವಳು ಗೋಡೆ ನೋಡುತ್ತಾಳೆ. ಗಂಡ ಹೆಂಡತಿ ಮಧ್ಯೆ ಏನೋ ಮಾತಾಗಿದೆ, ನನಗೆ ಹೇಳುತ್ತಿಲ್ಲ. ಸರಿ, ಕಾಯಿಲೆಯ ಮನೆ, ರೂಢಿಗೆ ಸ್ವಲ್ಪ ರಜೆ ಕೊಟ್ಟರೆ ಯಾರೇನು ಅಂದಾರು ಎಂದುಕೊಂಡು ನಾನೇ ಹೊರಟೆ.

ಯಾರೂ ಇಲ್ಲ ಎನ್ನಲಿಲ್ಲ. ರೆಮಿಹಿಯೊ ತೈಗೆಲ್, ಊರಿಗೆಲ್ಲ ದೊಡ್ಡ ಜೋಡಿ ಎತ್ತು ಅವನದು, "ಕೂತ್ಕೊ ಉಬೆರ್ಲಿಂದಕ್ಕ, ಮಾತೆ ಚಾ ಕುಡಿ" ಅಂದ. ಎತ್ತಿನ ವಿಷಯ ಕೇಳಿದರೆ "ಆ ಹೊತ್ತಿಗೆ ಹೆಂಗಿರ್ತದೋ ನೋಡಣ" ಅಂದ. ಲೆವಿಕಾಯ್ ಅಣ್ಣತಮ್ಮಂದಿರು "ಹವಾ ಚೆನ್ನಾಗಿದ್ರೆ ಬರದೇಯ" ಅಂದರು. ದೋಮಿತಿಲಾ "ಗಂಡಸ್ರು ಬರ್ತಾರೆ, ನಾನು ಮಿಲ್ಕಾವೊ ಬೇಯಿಸ್ಕೊಂಡು ಬರ್ತೀನಿ" ಎಂದು ಆಲೂಗಡ್ಡೆ ರೊಟ್ಟಿಯ ಲೆಕ್ಕವನ್ನೂ ಹಾಕಿದಳು. ಇಪ್ಪತ್ತೆಂಟು ಮನೆ, ಇಪ್ಪತ್ತೆಂಟು ಹೂಂ. ಇಪ್ಪತ್ತೆಂಟು ಲೋಟ ಮಾತೆಯನ್ನೂ ಕುಡಿದೆ, ಹೊಟ್ಟೆ ಕೆಟ್ಟು ಎರಡು ದಿನ ಮಲಗಿದ್ದೆ.

ಕಾಲುಚೀಲ ಬಂತು. ದಾಗೊಗೆ ತೊಡೆಯವರೆಗೆ ಬರುತ್ತದೆ. ನಿನ್ನ ದೊಡ್ಡ ಆಸ್ಪತ್ರೆಯ ವಿಷಯ ಎದುವಿನಾಳಿಗೆ ಹೇಳಿದೆ. "ಅಣ್ಣನಿಗೆ ನಾನು ಬೇಕಾಗಿದ್ರೆ ಅವನೇ ಬರ್ಲಿ" ಅಂದಳು. ಬೇಸರ ಮಾಡಿಕೊಳ್ಳಬೇಡ, ಯಂತ್ರದಿಂದ ಬಂದ ದಿನ ಅವಳ ನಾಲಿಗೆ ಸ್ವಲ್ಪ ಖಾರ.

ನಿನ್ನ ಚಿಕ್ಕಮ್ಮ


ಲಾ ಕಲಾಂದ್ರಿಯಾ
೧೮ ಏಪ್ರಿಲ್ ೧೯೯೪

ಚಿಕ್ಕಮ್ಮ,

ಮಿಂಗಾ ನಿಲ್ಲಿಸು. ಈ ಪತ್ರ ೨೬ರೊಳಗೆ ನಿನ್ನ ಕೈ ಸೇರಲಿ ಎಂದು ಇವತ್ತೇ ಲಾರಿಯವನ ಕೈಗೆ ಕೊಡುತ್ತಿದ್ದೇನೆ.

ಆ ಜಾಗ ನನ್ನದಲ್ಲ. ನಾಲ್ಕು ವರ್ಷದ ಹಿಂದೆ ಹಿಮಗಾಳಿಯಲ್ಲಿ ಕುದುರೆ ಬಿದ್ದು ನನ್ನ ಕಾಲು ಮುರಿದಾಗ ಸೆಗುಂದೊ ಚಿಗ್ವಾಯ್ ಎಂಬವನು ಎರಡು ದಿನ ನನ್ನನ್ನು ಹೊತ್ತು, ಎಳೆದು, ಜನರಿದ್ದಲ್ಲಿಗೆ ತಂದ. ಅವನೂ ನಮ್ಮ ದ್ವೀಪಗಳ ಕಡೆಯವನೇ, ತುಂಡು ನೆಲ ಇಲ್ಲದವನು. ಮುದುಕನಾದ ಮೇಲೆ ಕಡಲು ಕಾಣುವ ಕಡೆ ಒಂದು ಗುಡಿಸಲು ಹಾಕಬೇಕು ಎಂದು ಸದಾ ಹೇಳುತ್ತಿದ್ದ. ನಾನಂತೂ ಊರಿಗೆ ಮರಳುವವನಲ್ಲ ಎಂದುಕೊಂಡಿದ್ದೆ. ಕಾಗದ ಮಾಡಿ ಅವನಿಗೆ ಕೊಟ್ಟುಬಿಟ್ಟೆ. ಅಮ್ಮನ ಜಾಗವನ್ನೇ ಕೊಟ್ಟೆ ಎಂದು ನಿನಗೆ ಹೇಳಲು ಬಾಯಿ ಬರಲಿಲ್ಲ. ಮೊದಲ ಪತ್ರದಲ್ಲೇ ಹೇಳಬೇಕಿತ್ತು. ನೋಡೋಣ ಎಂದದ್ದು ಹೂಂ ಎಂದಲ್ಲ ಚಿಕ್ಕಮ್ಮ, ಅದು ಹೇಡಿತನ.

ಎವರಿಸ್ತೊ


ಕಿಲ್ಕಾವೊ
೨೯ ಏಪ್ರಿಲ್ ೧೯೯೪

ಎವರಿಸ್ತೊ,

೨೬ರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಊರೂಟದ ಕುರಾಂತೊ ಬೇಯಿಸುವ ಗುಂಡಿಯಲ್ಲಿ ಕಲ್ಲು ಕಾಯಿಸಿದೆ. ಎಂಬತ್ತು ಜನಕ್ಕಾಗುವಷ್ಟು ಚಿಪ್ಪುಮೀನು, ಮಾಂಸ, ಆಲೂಗಡ್ಡೆ. ಬಂದವರು ಒಂಬತ್ತು ಜನ, ಮೂರು ಜೋಡಿ ಎತ್ತು.

ಬಂದವರು ಬೆನ್ನು ಮುರಿದು ದುಡಿದರು, ಅವರ ಬಗ್ಗೆ ನನ್ನ ಮಾತಿಲ್ಲ. ಕಿಟಕಿ ಬಾಗಿಲು ಬಿಚ್ಚಿ, ಒಳಗೆ ಅಡ್ಡತೊಲೆ ಕೊಟ್ಟು, ಮನೆಯನ್ನು ಕಂಬಗಳಿಂದ ಎಬ್ಬಿಸಿ ಎರಡು ಉದ್ದ ಮರಗಳ ಮೇಲೆ ಕೂರಿಸಿದರು. ಅರವತ್ತು ಮೀಟರ್ ಎಳೆದರು. ಇಳಿಜಾರಿನಲ್ಲಿ ಒಂದು ಮರ ನೆಲಕ್ಕೆ ಕಚ್ಚಿಕೊಂಡಿತು. ಎತ್ತುಗಳು ಮಂಡಿಯೂರಿದವು. ಉಬ್ಬರದ ನೀರು ಬಂತು, ಕಾದಂತೆ ಸ್ವಲ್ಪ ಹೊತ್ತು ನಿಂತಿತು, ಹೋಯಿತು.

ಈಗ ಆ ಮನೆ ರೆಮಿಹಿಯೊನ ಹೊಲದ ಮಧ್ಯೆ ಓರೆಯಾಗಿ ನಿಂತಿದೆ. ಎಲ್ಲರೂ ಅದರೊಳಗೇ ಇದ್ದಾರೆ, ಇನ್ನೆಲ್ಲಿಗೆ ಹೋಗುತ್ತಾರೆ? ಒಲೆಯ ಮೇಲೆ ಪಾತ್ರೆ ನಿಲ್ಲುವುದಿಲ್ಲ. ಮಂಚದ ಎರಡು ಕಾಲಿಗೆ ಕಟ್ಟಿಗೆ ತುಂಡು ಇಟ್ಟಿದ್ದೇವೆ. ದಾಗೊ ಬಾಗಿಲ ಹತ್ತಿರ ಆಲೂಗಡ್ಡೆ ಬಿಟ್ಟು ಅದು ಅಡುಗೆಮನೆಗೆ ಉರುಳುವುದನ್ನು ನೋಡಿ ಕುಣಿಯುತ್ತಾನೆ. ಎದುವಿನಾ ಅದನ್ನು ಕಂಡು ನಕ್ಕಳು, ನಗುತ್ತಾ ನಗುತ್ತಾ ಕೆಮ್ಮು ಹಿಡಿದು ನೀಲಿಯಾದಳು. ಈ ತಿಂಗಳು ಎರಡು ಸರದಿ ತಪ್ಪಿದೆ.

ನಾನು ರೆಮಿಹಿಯೊನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

"ನನ್ನ ಯಾರು ಕರೆದ್ರು?" ಅಂದ.

"ನಾನು ಬರ್ಲಿಲ್ವೇನೋ? ನಿನ್ನ ಮಾತೆ ಕುಡೀಲಿಲ್ವಾ?"

"ನೀನು ಬಂದೆ ಅಕ್ಕ. ಅದು ನಿನ್ನ ಮನೆಯಾ? ಮನೆಯೋರು ಕರೀದೆ ಹೋಗಿ ಅವರ ಮನೆ ಕಿತ್ರೆ ಅದಕ್ಕೆ ಮಿಂಗಾ ಅನ್ನಲ್ಲ, ಕಳ್ಳತನ ಅಂತಾರೆ. ಅವರಿಗೆ ಹೋಗೋಕೆ ಮನಸ್ಸಿದೆಯೋ ಇಲ್ವೋ ನಮಗೇನು ಗೊತ್ತು?"

ಹಾಗೆಂದವನು ಸಂಜೆ ಒಂದು ಚೀಲ ಆಲೂಗಡ್ಡೆ ಹೊತ್ತು ತಂದು ಆ ಓರೆ ಬಾಗಿಲಲ್ಲಿ ಇಟ್ಟುಹೋದ. ದಿನಾ ಏನಾದರೂ ತಂದಿಡುತ್ತಾನೆ. ಎತ್ತು ಮಾತ್ರ ತರುವುದಿಲ್ಲ. ಅರವತ್ತಮೂರು ವರ್ಷ ಈ ಊರಲ್ಲಿ ಬಾಳಿ ನನಗೆ ನಮ್ಮ ಜನರ ನೋಡೋಣ ಅರ್ಥವಾಗಲಿಲ್ಲ. ತಪ್ಪು ನನ್ನದೇ.

ಇದನ್ನು ಮಡಿಸುವಷ್ಟರಲ್ಲಿ ಅಂಚೆಯ ದೋಣಿ ಬಂತು, ನಿನ್ನ ಪತ್ರ ಬಂತು. ಓದಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನಿನ್ನಂಥವರನ್ನು ನೋಡಿಯೇ ಇರಬೇಕು. ಬಯ್ಯಲೂ ತ್ರಾಣವಿಲ್ಲ. ಎದುವಿನಾಳಿಗೂ ಅರ್ಸೆನಿಯೊಗೂ ಹೇಳಿಲ್ಲ. ಅರ್ಧ ದಾರಿಯಲ್ಲಿ ನಿಂತ ಮನೆಗೆ ಹೋಗುವ ಜಾಗವೂ ಇಲ್ಲ ಎಂದು ಯಾವ ಬಾಯಿಂದ ಹೇಳಲಿ? ಮುಂದಿನ ದೊಡ್ಡ ಉಬ್ಬರ ಮೇ ೨೬ಕ್ಕೆ. ಅದರಾಚೆ ಸಮುದ್ರ ಯಾರನ್ನೂ ಬಿಡುವುದಿಲ್ಲ. ಆ ಚಿಗ್ವಾಯ್ ಎಲ್ಲಿದ್ದಾನೋ ಹೋಗಿ ಕೇಳು. ಪತ್ರ ಬರೆಯಬೇಡ, ಹೋಗಿ ಕೇಳು.

ಉಬೆರ್ಲಿಂದಾ


ಲಾ ಕಲಾಂದ್ರಿಯಾ
೧೪ ಮೇ ೧೯೯೪

ಚಿಕ್ಕಮ್ಮನಿಗೆ,

ಹೋಗಿ ಕೇಳಿದೆ. ಚಿಗ್ವಾಯ್ ಇರುವುದು ಫಾರ್ಮಿನ ಕೊನೆಯ ಕಾವಲು ಮನೆಯಲ್ಲಿ, ಇಲ್ಲಿಂದ ಕುದುರೆಯ ಮೇಲೆ ಎರಡು ದಿನ. ಚಳಿಗಾಲ ಪೂರ್ತಿ ಒಬ್ಬನೇ ಎರಡು ನಾಯಿಗಳೊಂದಿಗೆ ಅಲ್ಲಿ ಕುರಿ ಕಾಯಬೇಕು. ಹನ್ನೆರಡು ಚಳಿಗಾಲ ಕಾದಿದ್ದಾನೆ. ಆಗಲೇ ಮೊಣಕಾಲುದ್ದ ಹಿಮ.

ಬಾಗಿಲು ತೆಗೆದ. ನಾನು ಹೊಸ್ತಿಲಾಚೆಯೇ ನಿಂತು ಟೋಪಿ ತೆಗೆದೆ.

"ಬಾರೋ ಒಳಗೆ. ಬಾಗಿಲು ತಗ್ದಿಟ್ಟು ನನ್ನ ಒಲೆ ಆರಿಸ್ತೀಯಾ?"

"ಕೇಳಿದ್ಮೇಲೆ ಬರ್ತೀನಿ."

ಅವನೂ ನಮ್ಮವನೇ ಅಲ್ಲವೇ, ನಿಂತ ರೀತಿ ನೋಡಿಯೇ ತಿಳಿಯಿತು. "ಏನ್ ಕೇಳೋಕೆ ಬಂದೆ? ಕಾಲೇನಾದ್ರೂ ಇಲ್ಲೇ ಬಿಟ್ಟುಹೋಗಿದ್ಯಾ?" ಅಂದ.

"ಕಾಲಲ್ಲ. ಜಾಗ ಬೇಕು. ನನ್ನ ತಂಗಿ ಸಾಯ್ತಿದಾಳೆ."

ಒಲೆ ನಿಜವಾಗಿಯೂ ಆರಿಹೋಯಿತು. ಆಮೇಲೆ ಅವನು ಒಂದು ಮಾತು ಕೇಳಿದ, ನಾನು ಹೂಂ ಅಂದೆ. ಅದು ನಮ್ಮಿಬ್ಬರ ನಡುವಿನದು, ನಿನಗೆ ಬೇಡ. ಜಾಗ ಎದುವಿನಾಳದು. ಅವಳಿರುವಷ್ಟು ಕಾಲ, ಮಕ್ಕಳಿರುವಷ್ಟು ಕಾಲ.

ಈ ಪತ್ರ ಯಾವಾಗ ಬರುತ್ತದೋ ನಂಬಿಕೆಯಿಲ್ಲ. ಅದಕ್ಕೇ ಪಟ್ಟಣದಿಂದ ಆ ಕಡೆಯ ರೇಡಿಯೊಗೆ ಫೋನ್ ಮಾಡಿಸಿದ್ದೇನೆ, ಮಧ್ಯಾಹ್ನದ ಸಂದೇಶಗಳಲ್ಲಿ ಮೂರು ದಿನ ಓದುತ್ತಾರೆ. ಎಲ್ಲರ ಕಿವಿಗೂ ಬೀಳುತ್ತದೆ, ಬೀಳಲಿ.

ಎವರಿಸ್ತೊ


ರೆಲ್ಬೂನ್
೨೯ ಮೇ ೧೯೯೪

ಮಗು ಎವರಿಸ್ತೊ,

ಮೇಲೆ ಊರ ಹೆಸರು ನೋಡಿದೆಯಾ? ಎದುವಿನಾಳ ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪಾತ್ರೆ ಒಲೆಯ ಮೇಲೆ ನೆಟ್ಟಗೆ ಕೂತಿದೆ.

ರೇಡಿಯೊದವನು ನಿನ್ನ ಸಂದೇಶವನ್ನು ಹಂದಿ ಮಾರಾಟಕ್ಕೂ ಒಬ್ಬರ ಸಾವಿನ ಸುದ್ದಿಗೂ ಮಧ್ಯೆ ಓದಿದ: "ಕಿಲ್ಕಾವೊದ ಉಬೆರ್ಲಿಂದಾ ಅವರಿಗೆ. ಜಾಗ ನನ್ನದಾಗಿರಲಿಲ್ಲ, ಈಗ ಎದುವಿನಾಳದು. ಮನೆ ಎಳೆಯಿರಿ. ಎವರಿಸ್ತೊ." ಎದುವಿನಾ ಪಕ್ಕದಲ್ಲೇ ಇದ್ದಳು. ನಾನು ಮುಚ್ಚಿಟ್ಟಿದ್ದೆಲ್ಲ ಹೊರಬಿತ್ತು. ಸಿಟ್ಟಾಗುತ್ತಾಳೆ ಎಂದುಕೊಂಡೆ. "ಅಣ್ಣ ಹೋಗಿ ಕೇಳಿದ್ನಾ? ಅಣ್ಣ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಕೋಟು ತೆಗೆದುಕೊಂಡಳು. "ನಾನೂ ಹೋಗ್ತೀನಿ. ಕೈ ಹಿಡ್ಕೊ ಚಿಕ್ಕಮ್ಮ. ಆದ್ರೆ ನೀನು ಬಾಯಿ ಬಿಡಬೇಡ."

ಮೊದಲು ರೆಮಿಹಿಯೊನ ಮನೆ. ನನ್ನನ್ನು ಬೇಲಿಯ ಹತ್ತಿರವೇ ನಿಲ್ಲಿಸಿ ಅವಳೊಬ್ಬಳೇ ಹೊಸ್ತಿಲಿಗೆ ಹೋದಳು, ಚೌಕಟ್ಟು ಹಿಡಿದು ನಿಂತಳು.

"ರೆಮಿಹಿಯೊ ಮಾವ, ನಮ್ಮನೆ ಎಳೀಬೇಕು. ಎತ್ತು ತಗೊಂಡು ಬರ್ಬೇಕು ನೀವು. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಈ ಮುಯ್ಯಿ ತೀರಿಸೋಕೆ ನನ್ನ ಕೈಲಾಗಲ್ಲ. ಅಷ್ಟು ದಿನ ನನ್ನ ಹತ್ರ ಇಲ್ಲ. ತೀರಿಸ್ತೀನಿ ಅಂತ ಸುಳ್ಳು ಹೇಳಿ ಕರೀಬಾರ್ದು ಅಂತಲೇ ಅರ್ಸೆನಿಯೊನ ಕಳಿಸ್ಲಿಲ್ಲ, ನಾನೂ ಬರ್ಲಿಲ್ಲ."

ಇದು, ಎವರಿಸ್ತೊ, ಇಷ್ಟು ತಿಂಗಳು ಅವಳು ಗೋಡೆ ನೋಡಿದ್ದು ಇದಕ್ಕೆ. ಅವಳಿಗೆ ಹೋಗಲು ಮನಸ್ಸಿಲ್ಲ ಎಂದು ಊರೆಲ್ಲ ತಿಳಿದಿತ್ತು. ಅರ್ಸೆನಿಯೊಗೆ ಜಂಬ ಎಂದು ನಾನು ತಿಳಿದಿದ್ದೆ. ಸಾಯುವವಳು ಇಪ್ಪತ್ತೆಂಟು ಮನೆಯ ಋಣ ಹೊರಬಾರದು ಎಂದು ಅವಳು ಬಾಯಿ ಕಟ್ಟಿಕೊಂಡಿದ್ದಳು. ನಾನು ಬೇಲಿ ಹಿಡಿದುಕೊಂಡು ಅತ್ತೆ.

ರೆಮಿಹಿಯೊ ಮಾತೆಯ ಲೋಟ ಕೆಳಗಿಟ್ಟ. "ಅದೆಲ್ಲ ನಂಗೊತ್ತಿಲ್ಲಮ್ಮ. ನಂದು ಸೆಪ್ಟೆಂಬರ್‌ನಲ್ಲಿ ಆಲೂಗಡ್ಡೆ ಬಿತ್ತನೆ. ಬೀಜ ಕತ್ತರಿಸೋಕೆ ಜನ ಬೇಕು, ಕೂತ್ಕೊಂಡು ಮಾಡೋ ಕೆಲಸ. ಬರ್ತೀಯೋ ಇಲ್ವೋ ಹೇಳು. ನೀನು ಬರಲ್ಲ ಅಂದ್ರೆ ನನ್ನ ಎತ್ತೂ ಬರಲ್ಲ."

ಅವಳು ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ "ಬರ್ತೀನಿ" ಅಂದಳು.

ಯಂತ್ರವಿಲ್ಲದ ದಿನಗಳಲ್ಲೆಲ್ಲ ನಡೆದಳು. ಎಲ್ಲ ಮನೆಯಲ್ಲೂ ಅದೇ ಮಾತು ಹೇಳಿದಳು, ಮುಯ್ಯಿ ತೀರಿಸಲಾಗುವುದಿಲ್ಲ ಎಂಬುದನ್ನು ಯಾರೂ ಒಪ್ಪಲಿಲ್ಲ. ದೋಮಿತಿಲಾ ಜನವರಿಗೆ ಮೊಮ್ಮಗಳ ಬಿಳಿ ಲಂಗ ಹೊಲಿದುಕೊಡು ಅಂದಳು. ಲೆವಿಕಾಯ್ ಅಣ್ಣತಮ್ಮಂದಿರು ಬರುವ ಏಪ್ರಿಲ್‌ನಲ್ಲಿ ಸೇಬಿನ ರಸ ಹಿಂಡಲು ಕರೆದರು. ಮುದುಕ ಕ್ಲೊದೊಮಿರೊಗೆ ಎಪ್ಪತ್ತೇಳು, ಕಿವಿ ಮಂದ, ಮೂರು ಸಲ ಕೂಗಿ ಹೇಳಬೇಕಾಯಿತು. "ನಾನು ಸತ್ತಾಗ ಪ್ರಾರ್ಥನೆ ಹಾಡೋಕೆ ಬಾ. ನಿನ್ನ ಸ್ವರ ಚೆನ್ನಾಗಿದೆ. ಆದ್ರೆ ನಾನು ತೊಂಬತ್ತಕ್ಕೆ ಮುಂಚೆ ಹೋಗೋನಲ್ಲ, ಈಗ್ಲೇ ಹೇಳ್ತೀನಿ" ಅಂದ. ಹೊರಗೆ ಬಂದು ಎದುವಿನಾ ಕಲ್ಲಿನ ಮೇಲೆ ಕೂತು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ.

೨೬ಕ್ಕೆ ಇಪ್ಪತ್ತೆರಡು ಜೋಡಿ ಎತ್ತು. ಬೆಳಿಗ್ಗೆ ಎಂಟಕ್ಕೆ ರೆಮಿಹಿಯೊ ಕೂಗಿದ, ಹಗ್ಗಗಳು ಬಿಗಿದವು, ಮನೆ ಒಮ್ಮೆ ನರಳಿ ಹೊರಟಿತು. ಹನ್ನೊಂದಕ್ಕೆ ನೀರಿನಲ್ಲಿತ್ತು. ಐದು ದೋಣಿಗಳು ಎಳೆದವು. ಎದುವಿನಾ, ಮಕ್ಕಳು, ನಾನು ಹಿಂದಿ‌ನ ದೋಣಿಯಲ್ಲಿ. ತನ್ನ ಮನೆ ಕಡಲ ಮೇಲೆ ತನ್ನ ಮುಂದೆ ಹೋಗುವುದನ್ನು ನೋಡುತ್ತಾ ಅವಳು ದಾರಿಯುದ್ದಕ್ಕೂ ಕೂತಿದ್ದಳು. ರೆಲ್ಬೂನ್ ದಡದಲ್ಲಿ ನಮಗೆ ಗುರುತಿಲ್ಲದ ಜನ ಎತ್ತು ಹೂಡಿಕೊಂಡು ನಿಂತಿದ್ದರು. ರೇಡಿಯೊ ಕೇಳಿದೆವು ಅಂದರು. ಅವರಲ್ಲಿ ಒಬ್ಬಳು ಎದುವಿನಾಳ ಕೈ ಹಿಡಿದು ಮೊದಲು ಕೇಳಿದ್ದು, "ನಮ್ದು ಹಂದಿ ಕೊಯ್ಯೋದು ಜುಲೈನಲ್ಲಿ. ಬರ್ತೀಯಲ್ವಾ?"

ನಿನ್ನೆ ಅವಳು ನಡೆದುಹೋಗಿ ಬಸ್ಸು ಹತ್ತಿ, ಯಂತ್ರ ಮುಗಿಸಿ, ಸಂಜೆಗೆ ಮನೆಗೆ ಬಂದು ತನ್ನ ಹಾಸಿಗೆಯಲ್ಲಿ ಮಲಗಿದಳು. ನೀನು ಯಾವಾಗ ಬರುತ್ತೀಯ? ಚಿಗ್ವಾಯ್‌ಗೆ ಏನು ಮಾತು ಕೊಟ್ಟೆ?

ನಿನ್ನ ಚಿಕ್ಕಮ್ಮ


ಲಾ ಕಲಾಂದ್ರಿಯಾ
೧೭ ಜೂನ್ ೧೯೯೪

ಚಿಕ್ಕಮ್ಮನಿಗೆ,

ನಿನ್ನ ಪತ್ರವನ್ನು ಇಲ್ಲಿನ ಹುಡುಗರಿಗೆಲ್ಲ ಓದಿ ಹೇಳಿದೆ. ಕ್ಲೊದೊಮಿರೊನ ಮಾತಿಗೆ ಅಡುಗೆಯವನು ಸೌಟು ಬೀಳಿಸಿದ. ತುಂಬ ಸಂತೋಷ.

ಈ ಚಳಿಗಾಲ ಬರಲಾಗುವುದಿಲ್ಲ. ಕೆಲಸ ಹೆಚ್ಚು. ಪತ್ರಗಳೂ ತಡವಾಗಬಹುದು, ಚಿಂತಿಸಬೇಡ. ಬರುವ ವಿಷಯ ನೋಡೋಣ.

ಎವರಿಸ್ತೊ


ರೆಲ್ಬೂನ್
೨೧ ಸೆಪ್ಟೆಂಬರ್ ೧೯೯೪

ಮಗು ಎವರಿಸ್ತೊ,

ಮತ್ತೆ ನೋಡೋಣ ಎಂದು ಬರೆದೆ. ಈ ಸಲ ನಾನು ಅದನ್ನು ಹೂಂ ಎಂದುಕೊಳ್ಳಲಿಲ್ಲ.

ಜುಲೈ ಕೊನೆಯಲ್ಲಿ ಒಬ್ಬ ಉದ್ದನೆಯ ಮನುಷ್ಯ ಬಾಗಿಲಿಗೆ ಬಂದು ಟೋಪಿ ತೆಗೆದ. ಸೆಗುಂದೊ ಚಿಗ್ವಾಯ್. ಎಂಬತ್ತಾರು ವರ್ಷದ ತಾಯಿಯನ್ನು ನೋಡಲು ಬಂದಿದ್ದನಂತೆ, ಹನ್ನೆರಡು ವರ್ಷದ ಮೇಲೆ. ಜಾಗ ಹೇಗಿದೆ ಎಂದು ನೋಡಿಹೋಗಲು ಇಳಿದ. ಎದುವಿನಾ ಕೂರಿಸಿ ಸೂಪು ಬಡಿಸಿದಳು.

"ಚಳಿಗಾಲದಲ್ಲಿ ಅಲ್ಲಿಂದ ಬಿಟ್ಟು ಹೆಂಗೆ ಬಂದ್ರಿ? ಕುರಿ ಯಾರು ಕಾಯ್ತಿದಾರೆ?" ಎಂದು ಕೇಳಿದವಳು ಅವಳೇ.

"ನಿಮ್ಮಣ್ಣ. ಈ ಚಳಿಗಾಲ, ಬರೋ ಚಳಿಗಾಲ. ಅವ್ನು ಹೇಳಿಲ್ವಾ?"

ಎದುವಿನಾ ಎದ್ದು ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಚಿಗ್ವಾಯ್ ಸೂಪು ಬಿಟ್ಟು ತಲೆತಗ್ಗಿಸಿದ. ಒಳ್ಳೆಯ ಮನುಷ್ಯ. ಮನೆಯ ಹಿಂದಿನ ಬೇಲಿಯನ್ನು ಅವನೇ ರಿಪೇರಿ ಮಾಡಿಹೋದ.

ಈಗ ನಾನೂ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಅವಳು ಗುಣವಾಗುವುದಿಲ್ಲ, ಎವರಿಸ್ತೊ. ಒಂದು ಸರದಿಯೂ ತಪ್ಪಿಲ್ಲ, ಮುಖದ ಊತ ಇಳಿದಿದೆ, ಅರ್ಸೆನಿಯೊ ಬಲೆ ಹಾಕುತ್ತಿದ್ದಾನೆ, ದಾಗೊ ಅವಳ ಹಾಸಿಗೆ ಬಿಟ್ಟೇಳುವುದಿಲ್ಲ. ಆದರೆ ಹೃದಯ ದಣಿದಿದೆ ಎನ್ನುತ್ತಾರೆ ಡಾಕ್ಟರು. ಒಂದು ವರ್ಷ, ಎರಡು ವರ್ಷ, ಅವರೂ ಲೆಕ್ಕ ಹೇಳುವುದಿಲ್ಲ. ನನಗೂ ಸಾಕಾಗಿದೆ. ಯಾರ ಹತ್ತಿರವೂ ಹೇಳಲಾಗದೆ ನಿನಗೆ ಹೇಳುತ್ತಿದ್ದೇನೆ.

ಹೋದ ಶುಕ್ರವಾರ ಅವಳು ರೆಮಿಹಿಯೊನ ಬಿತ್ತನೆಗೆ ದ್ವೀಪಕ್ಕೆ ಹೋದಳು. ಬೇಡ ಎಂದರೆ ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಸ್ಟೂಲಿನ ಮೇಲೆ ಕೂತು ಬೀಜದ ಆಲೂಗಡ್ಡೆ ಕತ್ತರಿಸಿದಳು, ಪ್ರತಿ ತುಂಡಿಗೂ ಒಂದು ಕಣ್ಣು ಉಳಿಸಿ. ಒಂದೂವರೆ ಬುಟ್ಟಿ ಆಗುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋದಳು. ರೆಮಿಹಿಯೊ ಎಲ್ಲರಿಗೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಅಂದ. ಸಂಜೆ ಎದ್ದು "ಅಯ್ಯೋ, ಇವತ್ತಿಂದು ಲೆಕ್ಕಕ್ಕಿಲ್ಲ" ಎಂದಳು. "ಪೂರ್ತಿ ಒಂದು ದಿನ. ತೀರ್ತು" ಅಂದ ಅವನು.

ಯಾಸ್ನಾಳ ಶಾಲೆಯ ನೋಟುಬುಕ್ಕಿನ ಹಿಂದೆ ಅವಳು ಯಾರಿಗೆ ಯಾವ ತಿಂಗಳು ಯಾವ ಕೆಲಸ ಎಂದು ಬರೆದಿಟ್ಟಿದ್ದಾಳೆ. ಚಿಗ್ವಾಯ್ ಹೋದ ಮೇಲೆ ಕೊನೆಯಲ್ಲಿ ನಿನ್ನ ಹೆಸರು ಸೇರಿಸಿದಳು. ಎದುರಿಗೆ ಏನೂ ಬರೆದಿಲ್ಲ. "ಎರಡು ಚಳಿಗಾಲಕ್ಕೆ ನಾನೇನು ಕೊಡೋದು ಚಿಕ್ಕಮ್ಮ? ಅಣ್ಣ ಏನೂ ಕೇಳೋದೇ ಇಲ್ವಲ್ಲ" ಎಂದಳು. ಕೇಳು, ಮಗು. ಏನಾದರೂ ಒಂದು ಕೇಳು.

ನಿನ್ನ ಚಿಕ್ಕಮ್ಮ,
ಉಬೆರ್ಲಿಂದಾ


ಕೊನೆಯ ಕಾವಲು ಮನೆ, ಲಾ ಕಲಾಂದ್ರಿಯಾ
೩೦ ಅಕ್ಟೋಬರ್ ೧೯೯೪

ಚಿಕ್ಕಮ್ಮನಿಗೆ,

ಹಿಮ ಕರಗಿ ದಾರಿ ಬಿಟ್ಟಿದೆ. ಆಹಾರದ ಗಾಡಿಯವನು ನಿನ್ನ ಪತ್ರ ತಂದ. ಅವನು ಹೊರಗೆ ಕಾಯುತ್ತಿದ್ದಾನೆ, ಅದಕ್ಕೆ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ನನಗಿನ್ನೊಂದು ಚಳಿಗಾಲ ಇದೆ. ಆಮೇಲೆ ಉಣ್ಣೆ ಕತ್ತರಿಸುವ ಕೆಲಸ. ಅದು ಮುಗಿದ ದಿನವೇ ಹೊರಡುತ್ತೇನೆ. ಎದುವಿನಾಳಿಗೆ ಹೇಳು, ಬರುವ ವರ್ಷ ಸೆಪ್ಟೆಂಬರ್‌ನಲ್ಲಿ ಮನೆಯ ಹಿಂದೆ, ಚಿಗ್ವಾಯ್ ಬೇಲಿ ಸರಿಮಾಡಿದಲ್ಲಿ, ಆಲೂಗಡ್ಡೆ ಹಾಕಿಸಬೇಕು. ೧೯೯೬ರ ಮಾರ್ಚ್ ೧೧, ಸೋಮವಾರ. ಬೆಳಿಗ್ಗೆ ನಾನು ಅಗೆಯುತ್ತೇನೆ, ಅವಳು ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿರಬೇಕು. ಕೂತಾದರೂ ಸರಿ, ನಿಂತಾದರೂ ಸರಿ. ನನ್ನ ಎರಡು ಚಳಿಗಾಲಕ್ಕೆ ನನಗೆ ಅದು ಬೇಕು. ಕಡಿಮೆಗೆ ಒಪ್ಪುವುದಿಲ್ಲ.

ನೋಟುಬುಕ್ಕಿನಲ್ಲಿ ಈಗಲೇ ಬರೆಯಲು ಹೇಳು. ಆ ದಿನವನ್ನು ಬೇರೆ ಯಾರಿಗೂ ಕೊಡಬಾರದು.

ಎವರಿಸ್ತೊ